ಅನುಪಲಬ್ಧಿಯ ಪ್ರಾಮಾಣ್ಯ: ನೀರಿನ ಜೀವಾಣುಪರೀಕ್ಷೆಯನ್ನು ಕುರಿತ ಒಂದು ವಿಮರ್ಶೆ

೧

ಪ್ರಾಚೀನ ಕಾವ್ಯವೊಂದರ ಓಲೆಯ ಪ್ರತಿಯಲ್ಲಿ ಯಾವುದಾದರೊಂದು ಪದ್ಯವು ಕಾಣದೆಹೋದರೆ, ಸಂಪಾದಕನಾದವನು ಕೂಡಲೇ ಅದನ್ನು ಪ್ರಕ್ಷಿಪ್ತವೆಂದು ನಿರ್ಣಯಿಸುವುದಿಲ್ಲ. ಆ ಪ್ರತಿಯ ಗರಿಗಳು ಪೂರ್ಣವಾಗಿವೆಯೆ, ಹುಳು ತಿಂದ ಎಡೆಗಳೆಷ್ಟು, ಲಿಪಿಕಾರನು ಎಚ್ಚರದಿಂದ ಬರೆದವನೆ ಎಂಬುದನ್ನು ಮೊದಲು ನೋಡುತ್ತಾನೆ. ಗರಿಯೇ ಲುಪ್ತವಾಗಿದ್ದರೆ, ಪದ್ಯವು ಕಾಣದಿರುವುದರಿಂದ ಏನೂ ಸಿದ್ಧಿಸದು. ಗರಿಯಿದ್ದು, ಅಕ್ಷರಗಳು ಸ್ಪಷ್ಟವಾಗಿದ್ದು, ಪದ್ಯವಿದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನಬಹುದಾದಲ್ಲಿ ಮಾತ್ರ ಅದರ ಅದರ್ಶನವು ಪ್ರಮಾಣವಾಗುತ್ತದೆ. ಭಾಟ್ಟ ಮೀಮಾಂಸಕರು ಅಭಾವವನ್ನು ತಿಳಿಯುವ ಸಾಧನವನ್ನು ಅನುಪಲಬ್ಧಿಯೆಂದು ಕರೆದು, ಅದನ್ನು ಆರನೆಯ ಪ್ರಮಾಣವೆಂದು ಅಂಗೀಕರಿಸಿದರು. ಆದರೆ ಬರಿಯ ಅನುಪಲಬ್ಧಿಗೆ ಆ ಪದವಿಯಿಲ್ಲ. ಕಾಣುವ ಯೋಗ್ಯತೆಯುಳ್ಳ ವಸ್ತುವು ಕಾಣದಿದ್ದಾಗಲೇ, ಎಂದರೆ ಯೋಗ್ಯಾನುಪಲಬ್ಧಿಯಿಂದಲೇ, ಅಭಾವವು ಸಿದ್ಧಿಸುವುದು. ಬೆಳಕಿರುವ ಜಗಲಿಯ ಮೇಲೆ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಹಾಗೆನ್ನಲಾಗದು.

ಈ ಹಳೆಯ ವಿವೇಕವು ಓಲೆಗರಿಗಳಿಗೂ ಶಾಸ್ತ್ರಚರ್ಚೆಗೂ ಮಾತ್ರ ಸೇರಿದುದಲ್ಲ. ಕುಡಿಯುವ ನೀರಿನಲ್ಲಿ ರೋಗಕಾರಕ ಜೀವಾಣುಗಳಿವೆಯೋ ಇಲ್ಲವೋ, ಇದ್ದರೆ ಎಷ್ಟಿವೆ ಎಂದು ಹೇಳುವ ಪ್ರಯೋಗಶಾಲೆಯ ವರದಿಯನ್ನು ಓದುವಾಗ ಇದೇ ವಿವೇಕವು ಅವಶ್ಯವಾಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟಿ, ಒಂದು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿ, ಕಡೂರಿನ ಸಮೀಪದಲ್ಲಿ ಕೂಡಿಕೊಂಡು ವೇದಾವತಿಯಾಗುತ್ತವೆ. ಮದಗದ ಕೆರೆಗೆ ಮಳೆ ಬಂದ ಸಂಭ್ರಮವನ್ನು ಜನಪದವು ಹಾಡಾಗಿ ಉಳಿಸಿಕೊಂಡಿದೆ. ಲಕ್ಷ್ಮೀಶನ ಊರೆಂದು ಪ್ರಸಿದ್ಧವಾದ ದೇವನೂರು ಈ ತಾಲ್ಲೂಕಿನದೇ. ಆದರೆ ಮಲೆನಾಡಿನ ಮಳೆಯ ಮರೆಯಲ್ಲಿ ಬಿದ್ದಿರುವ ಕಡೂರಿನ ಬಯಲಿನಲ್ಲಿ ಕೆರೆಯ ನೀರು ಎಲ್ಲರಿಗೂ ಎಲ್ಲ ಕಾಲಕ್ಕೂ ಸಾಲದು. ಹಳ್ಳಿಯ ಬಾಯಾರಿಕೆಯನ್ನು ಬಹುಮಟ್ಟಿಗೆ ಕೊಳವೆಬಾವಿಯೇ ತೀರಿಸಬೇಕಾಗಿದೆ. ಇಂತಹ ಕಡೆಯಲ್ಲಿ ಒಂದು ಬಾವಿಯ ನೀರು ದುಷ್ಟವೆಂದು ತಪ್ಪಾಗಿ ಸಾರಿದರೆ, ಹೆಂಗಸರು ಮತ್ತೊಂದು ಮೈಲಿ ನಡೆದು, ಪರೀಕ್ಷೆಯನ್ನೇ ಕಾಣದ ಬೇರೊಂದು ನೀರನ್ನು ತರಬೇಕಾಗುತ್ತದೆ. ಶುದ್ಧವೆಂದು ತಪ್ಪಾಗಿ ಸಾರಿದರೆ ಕೂಸುಗಳು ವಾಂತಿಭೇದಿಗೆ ಈಡಾಗುತ್ತವೆ. ಆದುದರಿಂದ ಪರೀಕ್ಷೆಯನ್ನೇ ಪರೀಕ್ಷಿಸುವ ಕಾರ್ಯವು, ಎಂದರೆ ಅದರ ಪ್ರಾಮಾಣ್ಯನಿರ್ಣಯವು, ಪಂಡಿತರ ವಿನೋದವಲ್ಲ.

೨

ಜೀವಾಣುಗಳನ್ನು ಎಣಿಸುವ ಪದ್ಧತಿಯು ಬಹಳ ಹಳೆಯದಲ್ಲ. ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ೧೮೮೧ರಲ್ಲಿ, ಗಟ್ಟಿಯಾದ ಪೋಷಕದ್ರವ್ಯದ ಮೇಲೆ ಜೀವಾಣುಗಳನ್ನು ಬೇರೆ ಬೇರೆಯಾಗಿ ಬೆಳೆಸುವ ವಿಧಾನವನ್ನು ಲಂಡನ್ನಿನ ವೈದ್ಯಸಮ್ಮೇಳನದಲ್ಲಿ ತೋರಿಸಿದನು. ಅವನ ಸಹಾಯಕನಾದ ಪೆಟ್ರಿಯು ೧೮೮೭ರಲ್ಲಿ, ಇಂದಿಗೂ ಅವನ ಹೆಸರನ್ನೇ ಹೊತ್ತಿರುವ ಮುಚ್ಚಳದ ಗಾಜಿನ ತಟ್ಟೆಯನ್ನು ರೂಪಿಸಿದನು. ೧೮೯೨ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ ಎಂಟು ಸಾವಿರಕ್ಕೂ ಮಿಕ್ಕ ಜನರು ಸತ್ತರು. ಅದೇ ನದಿಯ ಕೆಳಹರಿವಿನಲ್ಲಿದ್ದರೂ ಮರಳಿನಲ್ಲಿ ಸೋಸಿದ ನೀರನ್ನು ಕುಡಿಯುತ್ತಿದ್ದ ಆಲ್ಟೊನಾ ಊರು ಬಹುಮಟ್ಟಿಗೆ ಉಳಿಯಿತು. ಸೋಸಿದ ನೀರಿನ ಒಂದು ಘನ ಸೆಂಟಿಮೀಟರಿನಲ್ಲಿ ಜೀವಾಣುಗಳು ೧೦೦ನ್ನು ಮೀರಬಾರದೆಂಬ ಮಿತಿಯು ಆ ಕಾಲದ ಫಲ. ಅಂದಿನಿಂದ ಸಂಖ್ಯೆಯು ನೀರಿನ ವಿಚಾರದಲ್ಲಿ ನ್ಯಾಯಾಧಿಪತಿಯ ಸ್ಥಾನವನ್ನು ಪಡೆಯಿತು.

ಆದರೆ ತಟ್ಟೆಯ ಮೇಲೆ ಎಣಿಸುವುದು ಜೀವಾಣುಗಳನ್ನಲ್ಲ. ಅವು ಬೆಳೆದು ಕಣ್ಣಿಗೆ ಬೀಳುವ ಗುಂಪುಗಳನ್ನು. ಒಂದು ಗುಂಪಿನ ಮೂಲವು ಒಂದೇ ಜೀವಾಣುವಾಗಿರಬಹುದು. ಒಟ್ಟಿಗೆ ಅಂಟಿಕೊಂಡಿದ್ದ ಹತ್ತಾಗಿರಬಹುದು. ಆ ಪೋಷಕದ್ರವ್ಯದಲ್ಲಿ, ಆ ಉಷ್ಣತೆಯಲ್ಲಿ, ಆ ಅವಧಿಯೊಳಗೆ ಬೆಳೆಯಲೊಲ್ಲದವುಗಳು ಲೆಕ್ಕಕ್ಕೇ ಬರುವುದಿಲ್ಲ. ಪ್ರಕೃತಿಸಿದ್ಧವಾದ ನೀರನ್ನೂ ಮಣ್ಣನ್ನೂ ಸೂಕ್ಷ್ಮದರ್ಶಕದಿಂದ ನೋಡಿದಾಗ ಕಾಣುವ ಜೀವಾಣುಗಳಲ್ಲಿ ತಟ್ಟೆಯ ಮೇಲೆ ಬೆಳೆಯುವುವು ಅತ್ಯಲ್ಪಭಾಗವೆಂಬುದು ಸುಪ್ರಸಿದ್ಧವಾದ ಸಂಗತಿ. ಆದುದರಿಂದ ತಜ್ಞರು ತಮ್ಮ ಎಣಿಕೆಯ ಮಾನವನ್ನು 'ಜೀವಾಣು' ಎಂದು ಕರೆಯದೆ, 'ಗುಂಪು ಕಟ್ಟಬಲ್ಲ ಘಟಕ' ಎಂದು ಕರೆದಿದ್ದಾರೆ. ಈ ಹೆಸರಿನಲ್ಲಿರುವ ವಿನಯವು ಗಮನಾರ್ಹವಾದುದು. ಕಂಡುದನ್ನಷ್ಟೇ ಹೇಳಿ, ಊಹಿಸಿದುದನ್ನು ಅದರೊಡನೆ ಬೆರೆಸದಿರುವುದು ಅದರ ಗುಣ.

ಎರಡನೆಯದಾಗಿ, ಎಣಿಕೆಯಲ್ಲಿ ಆಕಸ್ಮಿಕವೆಂಬುದು ತೊಲಗದು. ಕಲಕಿದ ನೀರಿನಲ್ಲಿ ಜೀವಾಣುಗಳು ಸಾಲಾಗಿ ಸಮದೂರದಲ್ಲಿ ನಿಂತಿರುವುದಿಲ್ಲ. ಒಂದು ಬಾವಿಯ ನೀರಿನಲ್ಲಿ ಸರಾಸರಿ ೧೦೦ ಮಿಲಿಲೀಟರಿಗೆ ಒಂದು ದುಷ್ಟ ಜೀವಾಣು ಇದೆಯೆಂದಿಟ್ಟುಕೊಂಡರೆ, ಅದರಿಂದ ೧೦೦ ಮಿಲಿಲೀಟರಿನ ಮಾದರಿಗಳನ್ನು ನೂರು ಬಾರಿ ತೆಗೆದಾಗ ಸುಮಾರು ೩೭ ಮಾದರಿಗಳಲ್ಲಿ ಅದು ಒಂದೂ ಇರುವುದಿಲ್ಲ. ವಿಧಾನವು ನಿರ್ದುಷ್ಟವಾಗಿದ್ದರೂ, ಪರೀಕ್ಷಕನು ಸತ್ಯಸಂಧನಾಗಿದ್ದರೂ, ಆ ೩೭ ವರದಿಗಳು ಆ ನೀರನ್ನು ನಿರ್ದೋಷಿಯೆಂದೇ ಸಾರುವುವು. ಸಂಖ್ಯೆಯು ಸಣ್ಣದಾದಷ್ಟೂ ಅದರ ಸಂದೇಹವು ದೊಡ್ಡದಾಗುವುದು: ನೂರು ಗುಂಪುಗಳನ್ನು ಎಣಿಸಿದಾಗ ಆಕಸ್ಮಿಕದ ಏರಿಳಿತವು ಸುಮಾರು ಹತ್ತು, ನಾಲ್ಕನ್ನು ಎಣಿಸಿದಾಗ ಎರಡು, ಎಂದರೆ ಎಣಿಸಿದುದರ ಅರ್ಧ. ಮ್ಯಾಕ್‌ಕ್ರೇಡಿಯು ೧೯೧೫ರಲ್ಲಿ ಗಣಿತಾಧಾರದ ಮೇಲೆ ನಿಲ್ಲಿಸಿದ ನಳಿಗೆಗಳ ಪದ್ಧತಿಯು ಈ ಸಂದೇಹವನ್ನು ಮರೆಮಾಡದೆ, ತನ್ನ ಉತ್ತರವನ್ನು 'ಅತ್ಯಂತ ಸಂಭಾವ್ಯ ಸಂಖ್ಯೆ' ಎಂದೇ ಹೆಸರಿಸಿತು. ಆ ಹೆಸರನ್ನು ಬರಿಯ 'ಸಂಖ್ಯೆ'ಯಾಗಿ ಮೊಟಕು ಮಾಡುವ ವರದಿಯು, ಗ್ರಂಥಸಂಪಾದಕನು ತನ್ನ ಊಹೆಯ ಪಾಠವನ್ನು ಕಂಸವಿಲ್ಲದೆ ಮೂಲದೊಳಗೆ ಸೇರಿಸಿದಂತೆ.

೩

ಎಣಿಕೆಗಿಂತಲೂ ಮೊದಲಿನ ಪ್ರಶ್ನೆಯೊಂದಿದೆ. ಪರೀಕ್ಷೆಯು ಹಿಡಿಯುವುದು ಏನನ್ನು? ರೋಗಕಾರಕಗಳೆಲ್ಲವನ್ನೂ ಒಂದೊಂದಾಗಿ ಹುಡುಕುವುದು ಅಸಾಧ್ಯವಾದುದರಿಂದ, ಮಲಸಂಪರ್ಕದ ಗುರುತಾಗಿ ಒಂದು ಜೀವಾಣುವನ್ನು ಹುಡುಕುವುದು ರೂಢಿಯಲ್ಲಿದೆ. ಎಷೆರಿಖನು ೧೮೮೫ರಲ್ಲಿ ವರ್ಣಿಸಿದ, ಈಗ ಅವನ ಹೆಸರನ್ನೇ ಧರಿಸಿರುವ ಈ ಕೊಲೈ ಎಂಬುದೇ ಆ ಗುರುತು. ಇದು ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ಕ್ರಮ. ಅನುಮಾನಕ್ಕೆ ವ್ಯಾಪ್ತಿಯೇ ಜೀವಾಳವೆಂಬುದೂ, ಲಕ್ಷಣವೊಂದನ್ನು ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ ಎಂಬ ದೋಷಗಳನ್ನು ಪರಿಹರಿಸಬೇಕೆಂಬುದೂ ತರ್ಕಸಂಗ್ರಹವನ್ನು ಓದಿದವರಿಗೆಲ್ಲ ತಿಳಿದಿದೆ. ಇಂದಿನ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ ೧೬೧೪೦ರ ಶ್ರೇಣಿಯು ಆಹಾರದ ಜೀವಾಣುಪರೀಕ್ಷೆಗಳಿಗೆ ವಿಧಿಸುವ ಎರಡು ಮುಖ್ಯ ಶೋಧನೆಗಳು ಇವೇ ಆಗಿವೆ: ಹಿಡಿಯಬೇಕಾದ ಜೀವಾಣುವಿನ ನಾನಾ ತಳಿಗಳೆಲ್ಲವನ್ನೂ ಪರೀಕ್ಷೆಯು ಹಿಡಿಯುತ್ತದೆಯೆ, ಹಿಡಿಯಬಾರದ ಬಂಧುಗಳನ್ನು ಬಿಡುತ್ತದೆಯೆ. ಅವ್ಯಾಪ್ತಿಗೆ ಒಳ್ಳೆಯ ಉದಾಹರಣೆಯೂ ಸಿದ್ಧವಿದೆ. ಒಂದು ವಿಶಿಷ್ಟ ಕಿಣ್ವದ ಕ್ರಿಯೆಯಿಂದ ಬಣ್ಣವನ್ನು ತೋರಿಸಿ ಈ ಕೊಲೈಯನ್ನು ಗುರುತಿಸುವ ಪರೀಕ್ಷೆಗಳುಂಟು. ಆದರೆ ಆ ಕುಲದಲ್ಲಿಯೇ ಅತಿ ಘೋರವೆನಿಸಿದ ಒ ೧೫೭ ಎಂಬ ತಳಿಯಲ್ಲಿ ಸಾಮಾನ್ಯವಾಗಿ ಆ ಕಿಣ್ವದ ಕ್ರಿಯೆಯೇ ಕಾಣಬರುವುದಿಲ್ಲ. ಬಲೆಯು ಸಣ್ಣ ಮೀನುಗಳನ್ನು ಹಿಡಿದು ಮೊಸಳೆಯನ್ನು ಬಿಟ್ಟಂತಾಯಿತು.

ಅತಿವ್ಯಾಪ್ತಿಯ ವಿಷಯದಲ್ಲಿ ವಿಮರ್ಶೆಗೆ ಯೋಗ್ಯವಾದುದು ಭಾರತದಲ್ಲಿಯೇ ಹುಟ್ಟಿದ ಒಂದು ಪರೀಕ್ಷೆ. ಮಂಜಾ, ಮೌರ್ಯ, ರಾವ್ ಎಂಬ ಮೂವರು ವಿಜ್ಞಾನಿಗಳು ೧೯೮೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು, ಪ್ರಯೋಗಶಾಲೆಯಿಲ್ಲದ ಹಳ್ಳಿಗೆ ಜೀವಾಣುಪರೀಕ್ಷೆಯನ್ನು ಕೊಂಡೊಯ್ದ ಮಹತ್ತ್ವದ ಕೃತಿಯಾಗಿದೆ. ಪೆಪ್ಟೋನು, ಕಬ್ಬಿಣದ ಲವಣ, ಥಯೋಸಲ್ಫೇಟು ಮೊದಲಾದುವುಗಳನ್ನು ಹೀರಿಸಿ ಒಣಗಿಸಿದ ಕಾಗದದ ತುಂಡೊಂದು ಸಣ್ಣ ಸೀಸೆಯಲ್ಲಿರುವುದು. ಅದಕ್ಕೆ ನೀರನ್ನು ತುಂಬಿ ಬೆಚ್ಚಗಿನ ಎಡೆಯಲ್ಲಿಟ್ಟರೆ, ಮಲಸಂಪರ್ಕವಿದ್ದಲ್ಲಿ ಜೀವಾಣುಗಳು ಹೈಡ್ರೊಜನ್ ಸಲ್ಫೈಡನ್ನು ಹುಟ್ಟಿಸಿ ನೀರನ್ನು ಕಪ್ಪಾಗಿಸುವುವು. ಯಂತ್ರವು ಬೇಡ, ವಿದ್ಯುತ್ತು ಬೇಡ. ಬಿಳುಪು ಕಪ್ಪುಗಳನ್ನು ಬಲ್ಲ ಕಣ್ಣೊಂದಿದ್ದರೆ ಸಾಕು. ೨೦೧೯ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯು, ಕರ್ನಾಟಕದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಿಂದ ನಡೆದು, ಪ್ರತಿ ಗ್ರಾಮದ ಐವರು ಹೆಂಗಸರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದು ವಿಧಿಸಿದಾಗ, ಇಂತಹ ಸೀಸೆಗಳಿಗೆ ಹೊಸ ಪ್ರಾಧಾನ್ಯವು ಬಂದಿತು.

ಆದರೆ ಈ ಕಪ್ಪು ಏನನ್ನು ಹೇಳುತ್ತದೆ? ಇಲ್ಲಿ ಒಂದು ಸ್ವಾರಸ್ಯವಿದೆ. ಈ ಕೊಲೈಯು ಸಾಧಾರಣವಾಗಿ ಹೈಡ್ರೊಜನ್ ಸಲ್ಫೈಡನ್ನು ಹುಟ್ಟಿಸುವುದೇ ಇಲ್ಲ. ಕಪ್ಪಿಗೆ ಕಾರಣವಾಗುವುವು ಮಲದಲ್ಲಿ ಅದರೊಡನೆ ವಾಸಿಸುವ ಬೇರೆ ಕೆಲವು ಜೀವಾಣುಗಳು. ಸೀಸೆಯು ನೋಡುವುದು ಹೊಗೆಯನ್ನೂ ಅಲ್ಲ, ಹೊಗೆಯ ನೆರೆಯವನನ್ನು. ಲೇಖಕರು ತಮ್ಮ ಫಲಿತಾಂಶಗಳನ್ನು ಅಂದಿನ ಪ್ರಮಾಣಪದ್ಧತಿಯೊಡನೆ ಹೋಲಿಸಿ ಸಾಮ್ಯವನ್ನು ತೋರಿಸಿರುವುದರಿಂದ, ಅವರು ಪರೀಕ್ಷಿಸಿದ ನೀರುಗಳ ಮಟ್ಟಿಗೆ ವ್ಯಾಪ್ತಿಯು ನಿಂತಿತೆನ್ನಬಹುದು. ಆದರೆ ವ್ಯಾಪ್ತಿಗೆ ಉಪಾಧಿಯುಂಟು. ಅಂತರ್ಜಲದಲ್ಲಿ ಸಹಜವಾಗಿಯೇ ಸಲ್ಫೈಡು ಇದ್ದರೆ, ಅಥವಾ ಮಲಕ್ಕೆ ಸಂಬಂಧಿಸದೆ ಗಂಧಕದ ಲವಣಗಳನ್ನು ಪರಿವರ್ತಿಸುವ ಜೀವಾಣುಗಳಿದ್ದರೆ, ಮಲದ ಸೋಂಕಿಲ್ಲದೆಯೂ ಸೀಸೆಯು ಕಪ್ಪಾಗಬಹುದು. ಸಾಬ್ಸಿ ಮತ್ತು ಫೇಂಡರ್ ಎಂಬವರು ೨೦೦೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಮಾಡಿದ ಸಮೀಕ್ಷೆಯು ಎತ್ತಿದ ಆಕ್ಷೇಪವು ಮುಖ್ಯವಾಗಿ ಇದೇ. ಮೇಲ್ಮೈ ನೀರಿನಲ್ಲಿ ಸಿದ್ಧವಾದ ವ್ಯಾಪ್ತಿಯನ್ನು ಕಡೂರಿನ ಆಳದ ಕೊಳವೆಬಾವಿಗೆ ಎರವಲು ತರುವಂತಿಲ್ಲ. ಅಲ್ಲಿಯ ನೀರಿನಲ್ಲಿಯೇ ಅದನ್ನು ಮತ್ತೆ ಸಾಧಿಸಬೇಕು.

ಬಿಳುಪಿನ ಸಾಕ್ಷ್ಯವೂ ಇದಕ್ಕಿಂತ ಗಟ್ಟಿಯಾದುದಲ್ಲ. ಸೀಸೆಯು ೨೦ ಮಿಲಿಲೀಟರು ಹಿಡಿಯುವುದಾದರೆ, ಮೇಲೆ ಹೇಳಿದ ಬಾವಿಯ ನೀರಿನಿಂದ ತುಂಬಿದ ನೂರು ಸೀಸೆಗಳಲ್ಲಿ ಸುಮಾರು ೮೨ರೊಳಗೆ ದುಷ್ಟ ಜೀವಾಣುವು ಒಂದೂ ಹೊಕ್ಕಿರುವುದಿಲ್ಲ. ನೀರಿಗೆ ಕ್ಲೋರೀನು ಹಾಕಿದ್ದು, ಅದನ್ನು ಮಾದರಿಯಲ್ಲಿ ನಿಷ್ಫಲಗೊಳಿಸದೆ ಬಿಟ್ಟರೆ, ಅದು ಸೀಸೆಯೊಳಗೂ ತನ್ನ ಕೆಲಸವನ್ನು ಮುಂದುವರಿಸಿ ಸಾಕ್ಷಿಗಳನ್ನೇ ಕೊಲ್ಲುವುದು. ಪೆಟ್ಟು ತಿಂದ ಜೀವಾಣುಗಳು ಬದುಕಿದ್ದರೂ ಬೆಳೆಯದೆ ಸುಮ್ಮನಿರುವುದುಂಟು. ಇವೆಲ್ಲವೂ ಕತ್ತಲೆಯ ಕೋಣೆಗಳು. ಇವುಗಳಲ್ಲಿ ಕೊಡವು ಕಾಣಲಿಲ್ಲವೆಂಬ ಮಾತಿಗೆ ಬೆಲೆಯಿಲ್ಲ.

ಹಾಗಾದರೆ ದೀಪವನ್ನು ಹೊತ್ತಿಸುವ ಬಗೆ ಯಾವುದು? ಪರೀಕ್ಷಿಸಬೇಕಾದ ಆ ನೀರಿಗೇ, ತಿಳಿದ ಪ್ರಮಾಣದ ನಿರಪಾಯವಾದ ಜೀವಾಣುಗಳನ್ನು ಬೇಕೆಂದು ಬೆರೆಸಿ, ಪರೀಕ್ಷೆಯು ಅವುಗಳನ್ನು ಮರಳಿ ಕಂಡುಹಿಡಿಯುತ್ತದೆಯೆ ಎಂದು ನೋಡಬೇಕು. ಕಂಡುಹಿಡಿದರೆ ಆ ನೀರಿನಲ್ಲಿ ಆ ಜೀವಾಣುವಿಗೆ ದರ್ಶನಯೋಗ್ಯತೆಯು ಸಿದ್ಧವಾಯಿತು. ಬೆರೆಸದ ಮಾದರಿಯಲ್ಲಿ ಕಾಣದಿರುವುದು ಆಗ ಯೋಗ್ಯಾನುಪಲಬ್ಧಿಯಾಗುವುದು. ಹಾಗೆಯೇ ಶುದ್ಧವೆಂದು ಗೊತ್ತಿರುವ ನೀರಿನ ಸೀಸೆಯೊಂದನ್ನು ಪಕ್ಕದಲ್ಲಿರಿಸಿ, ಅದು ಬಣ್ಣಗೆಡದಿರುವುದನ್ನು ನೋಡಬೇಕು. ಈ ಎರಡು ಸಾಕ್ಷಿಗಳಿಲ್ಲದ ಪರೀಕ್ಷೆಯು ಪ್ರತಿವಾದಿಯನ್ನು ಕೇಳದೆ ಕೊಟ್ಟ ತೀರ್ಪು.

೪

ಅಭಾವವನ್ನು ಸಾಧಿಸುವುದು ಎಷ್ಟು ಶ್ರಮಸಾಧ್ಯವೆಂಬುದಕ್ಕೆ ಇದೇ ಸೀಮೆಯ ಗೋಸಂಪತ್ತಿಗೆ ಸಂಬಂಧಿಸಿದ ದೊಡ್ಡ ನಿದರ್ಶನವೊಂದಿದೆ. ನೀರಿನಿಂದ ದನದ ರಕ್ತಕ್ಕೆ ಹೋದರೂ ಪ್ರಶ್ನೆಯು ಬದಲಾಗುವುದಿಲ್ಲ. ಅಜ್ಜಂಪುರವು ಅಮೃತಮಹಲ್ ತಳಿಯ ಸಂವರ್ಧನಕೇಂದ್ರ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆಚಾವಡಿಯೆನಿಸಿದ್ದ ಈ ದನಗಳ ಇಲಾಖೆಗೆ ಅಮೃತಮಹಲ್ ಎಂಬ ಹೆಸರನ್ನು ಕೊಟ್ಟವನು ಟಿಪ್ಪೂ ಸುಲ್ತಾನನು. ಬಾಸೂರು ಮೊದಲಾದ ಕಾವಲುಗಳು ಆ ಇತಿಹಾಸದ ಅವಶೇಷಗಳಾಗಿ ಇಂದಿಗೂ ಇವೆ. ಇಂತಹ ಮಂದೆಗಳಿಗೆ ಯಮನಂತಿದ್ದುದು ದೊಡ್ಡರೋಗ. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೨೫ರಲ್ಲಿ ಮೈಸೂರು ಸೀರಂ ಸಂಸ್ಥೆಯು ಸ್ಥಾಪಿತವಾದುದು ಮುಖ್ಯವಾಗಿ ಅದನ್ನು ತಡೆಯಲಿಕ್ಕೆ.

ಲಸಿಕೆಯ ಬಲದಿಂದ ರೋಗವು ಕ್ರಮೇಣ ಕುಗ್ಗಿತು. ಭಾರತದಲ್ಲಿ ಅದು ಕಡೆಯ ಬಾರಿ ಕಾಣಿಸಿಕೊಂಡುದು ೧೯೯೫ರಲ್ಲಿ. ಆದರೆ 'ಕಾಣುತ್ತಿಲ್ಲ' ಎಂಬುದರಿಂದ 'ಇಲ್ಲ' ಎಂಬುದಕ್ಕೆ ಹೋಗಲು ಮುಂದೆ ಹತ್ತು ವರ್ಷಗಳಿಗೂ ಮಿಕ್ಕ ಕಾಲವು ಹಿಡಿಯಿತು. ಅದಕ್ಕೆ ಕಾರಣವು ವಿಚಾರಮಾಡತಕ್ಕದ್ದು. ರೋಗವು ಗುಟ್ಟಾಗಿ ಸುಳಿದಾಡುತ್ತಿದ್ದರೆ ಅದರ ಗುರುತು ದನದ ರಕ್ತದಲ್ಲಿ ಪ್ರತಿರೋಧದ್ರವ್ಯವಾಗಿ ಉಳಿಯುವುದು. ಆದರೆ ಲಸಿಕೆ ಹಾಕಿಸಿಕೊಂಡ ದನದ ರಕ್ತದಲ್ಲಿಯೂ ಅದೇ ದ್ರವ್ಯವಿರುವುದು. ಎರಡನ್ನೂ ಬೇರ್ಪಡಿಸಲಾರದ ಪರೀಕ್ಷೆಯು ಎಷ್ಟು ಸೂಕ್ಷ್ಮವಾಗಿದ್ದರೂ ಕುರುಡು. ಆದುದರಿಂದ ಮೊದಲು ಲಸಿಕೆಯನ್ನೇ ನಿಲ್ಲಿಸಬೇಕಾಯಿತು. ಮಂದೆಗಳನ್ನು ಕಾಪಾಡುತ್ತಿದ್ದ ಕವಚವನ್ನು ಕಳಚಿ, ಲಸಿಕೆಯಿಲ್ಲದೆ ಹುಟ್ಟಿ ಬೆಳೆದ ಎಳೆಯ ದನಗಳ ರಕ್ತವನ್ನು ವ್ಯಾಪಕವಾಗಿ, ಗಣಿತಕ್ಕೆ ಒಪ್ಪುವ ಸಂಖ್ಯೆಯಲ್ಲಿ, ಪ್ರಾಮಾಣ್ಯವು ನಿರ್ಣಯವಾದ ಪರೀಕ್ಷೆಯಿಂದ ಶೋಧಿಸಿದ ಮೇಲೆಯೇ ೨೦೦೬ರಲ್ಲಿ ಭಾರತವು ಆ ಸೋಂಕಿನಿಂದ ಮುಕ್ತವೆಂದು ಅಂತರರಾಷ್ಟ್ರೀಯ ಸಂಸ್ಥೆಯು ಅಂಗೀಕರಿಸಿತು. ೨೦೧೧ರಲ್ಲಿ ಭೂಮಂಡಲವೇ ಮುಕ್ತವೆಂದು ಸಾರಲಾಯಿತು. ಕಾಣುವ ಯೋಗ್ಯತೆಯನ್ನು ಉಂಟುಮಾಡುವುದಕ್ಕಾಗಿ ಅಪಾಯವನ್ನೇ ಮೈಮೇಲೆ ಎಳೆದುಕೊಂಡ ಈ ಪ್ರಸಂಗವು, ಅನುಪಲಬ್ಧಿಯ ಶಾಸ್ತ್ರಕ್ಕೆ ಒಂದು ಮಹಾಭಾಷ್ಯವೆಂದರೆ ಅತಿಶಯೋಕ್ತಿಯಾಗದು.

ದನಗಳ ವಿಷಯದಲ್ಲಿ ತೋರಿದ ಈ ಕಟ್ಟುನಿಟ್ಟಿನೊಡನೆ ಹಳ್ಳಿಯ ಬಾವಿಯ ವಿಷಯದಲ್ಲಿ ನಡೆಯುವುದನ್ನು ಹೋಲಿಸಿದರೆ ಅಂತರವು ಸ್ಪಷ್ಟವಾಗುತ್ತದೆ. ಒಂದು ಕಡೆ ಸಾವಿರಾರು ರಕ್ತಮಾದರಿಗಳು, ವರ್ಷಗಳ ಕಾಯುವಿಕೆ. ಇನ್ನೊಂದು ಕಡೆ ಒಂದು ಸೀಸೆ, ಒಂದು ರಾತ್ರಿ, ಒಂದು ಪದದ ತೀರ್ಪು.

೫

ಈ ಪದವೇ ಭಾಷಾಭ್ಯಾಸಿಗಳಾದವರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಕುಡಿಯುವ ನೀರನ್ನು ಕುರಿತ ಭಾರತೀಯ ಮಾನಕವು, ಎಂದರೆ ೨೦೧೨ರ ಐಎಸ್ ೧೦೫೦೦, ೧೦೦ ಮಿಲಿಲೀಟರಿನ ಯಾವ ಮಾದರಿಯಲ್ಲಿಯೂ ಈ ಕೊಲೈಯು ಪತ್ತೆಯಾಗಕೂಡದೆಂದು ವಿಧಿಸುತ್ತದೆ, ಇರಕೂಡದೆಂದಲ್ಲ. ಮಾದರಿಯ ಗಾತ್ರವನ್ನೂ ಕಾಣುವಿಕೆಯ ಮಿತಿಯನ್ನೂ ಒಳಗೊಂಡ ಈ ವಾಕ್ಯವು ತೂಗಿ ಆಡಿದ ಮಾತು. ಅದು ಕನ್ನಡದ ವರದಿಗೆ ಇಳಿಯುವಾಗ 'ಜೀವಾಣುಗಳಿಲ್ಲ' ಎಂದಾದರೆ, ಅಥವಾ 'ನೀರು ಶುದ್ಧ' ಎಂದಾದರೆ, ಮಾದರಿಯೂ ಮಿತಿಯೂ ಜಾರಿಹೋಗಿ, ಸಂದೇಹವು ಸಿದ್ಧಾಂತದ ವೇಷವನ್ನು ತಾಳುವುದು. 'ಇಲ್ಲ' ಎಂಬುದು ಕನ್ನಡದ ಅತಿ ಬಲವಾದ ಮಾತುಗಳಲ್ಲೊಂದು. ವಸ್ತುವಿನ ಅಭಾವವನ್ನೂ ಕ್ರಿಯೆಯ ನಿಷೇಧವನ್ನೂ ಅದು ಒಂದೇ ಉಸಿರಿನಲ್ಲಿ ಹೇಳಬಲ್ಲದು. ಅಂತಹ ಮಾತನ್ನು ಸಾಲವಾಗಿ ಕೊಡುವಾಗ ಒತ್ತೆಯನ್ನು ಕೇಳಬೇಕು. 'ಈ ವಿಧಾನದಿಂದ, ಇಷ್ಟು ನೀರಿನಲ್ಲಿ, ಕಂಡುಬರಲಿಲ್ಲ' ಎಂಬುದು ಉದ್ದವಾದ ವಾಕ್ಯವೇ ಸರಿ, ಆದರೆ ಸತ್ಯವಾದುದು.

ಪ್ರಾಮಾಣ್ಯನಿರ್ಣಯಕ್ಕೆ ಕಚೇರಿಯ ಕನ್ನಡದಲ್ಲಿ 'ಸಿಂಧುತ್ವ' ಎಂಬ ಮಾತು ಬಳಕೆಯಲ್ಲಿದೆ. ಅದು ಪ್ರಮಾಣಪತ್ರದ ಮೇಲೆ ಬೀಳುವ ಮುದ್ರೆಯ ಮಾತು. ಒಮ್ಮೆ ಬಿದ್ದರೆ ಮುಗಿಯಿತೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. 'ಪ್ರಾಮಾಣ್ಯ'ವೆಂಬ ಮಾತಾದರೋ ಶತಮಾನಗಳ ವಾದದಲ್ಲಿ ಮಸೆದುದು. ಜ್ಞಾನವು ಬಾಧಕವು ಕಾಣುವವರೆಗೆ ತಾನಾಗಿಯೇ ಪ್ರಮಾಣವೆಂದು ಮೀಮಾಂಸಕರೂ, ಫಲಿಸಿದ ಪ್ರವೃತ್ತಿಯೇ ಮೊದಲಾದ ಹೊರಗಿನ ಆಧಾರದಿಂದಲೇ ಪ್ರಾಮಾಣ್ಯವು ತಿಳಿಯುವುದೆಂದು ನೈಯಾಯಿಕರೂ ಹೋರಾಡಿದರು. ಅನುಪಲಬ್ಧಿಯ ವಿಷಯದಲ್ಲಿ ಮೀಮಾಂಸಕನಿಗೆ ಋಣಿಯಾಗಿರುವ ಪ್ರಯೋಗಶಾಲೆಯು, ಪ್ರಾಮಾಣ್ಯದ ವಿಷಯದಲ್ಲಿ ನೈಯಾಯಿಕನ ಶಿಷ್ಯನಾಗಿಯೇ ಇರಬೇಕಾಗಿದೆ. ಅದರ ಯಾವ ಸಂಖ್ಯೆಯೂ ಸ್ವತಃಪ್ರಮಾಣವಲ್ಲ.

ಇಷ್ಟರಿಂದ ಸರಳ ಪರೀಕ್ಷೆಗಳನ್ನು ತ್ಯಜಿಸಬೇಕೆಂದು ಸಿದ್ಧಿಸುವುದಿಲ್ಲ. ಕಡೂರಿನ ಹಳ್ಳಿಯಲ್ಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುವ ಹೆಂಗಸಿನ ಕೈಯಿಂದ ಅದನ್ನು ಕಸಿದುಕೊಂಡರೆ, ಉಳಿಯುವುದು ಉತ್ತಮ ಪರೀಕ್ಷೆಯಲ್ಲ, ಪರೀಕ್ಷೆಯೇ ಇಲ್ಲದ ನೀರು. ಆಕೆಗೆ ಸಲ್ಲಬೇಕಾದುದು ಸೀಸೆಯ ಜೊತೆಗೆ ಅದರ ಮಿತಿಯ ತಿಳಿವು: ಕಪ್ಪು ಬಂದರೆ ಅದು ಅನುಮಾನ, ಪ್ರಯೋಗಶಾಲೆಯ ದೃಢೀಕರಣಕ್ಕೆ ಕಾರಣ, ಅದುವರೆಗೆ ಕುದಿಸಿ ಕುಡಿಯಲು ಎಚ್ಚರಿಕೆ, ಕಪ್ಪು ಬಾರದಿದ್ದರೆ ಅದು ಈ ಹೊತ್ತಿನ, ಈ ಸೀಸೆಯ ಮಾತು, ಮಳೆ ಬಿದ್ದ ಮೇಲೆ ಮತ್ತೆ ಕೇಳಬೇಕಾದುದು. ಒಂದರ ಬದಲು ಐದು ಸೀಸೆಗಳನ್ನು ತುಂಬಿದರೆ ಆ ೮೨ರ ಸಂದೇಹವು ೩೭ಕ್ಕೆ ಇಳಿಯುವುದು. ದಿನವನ್ನು ಬದಲಿಸಿ ಮತ್ತೆ ಮತ್ತೆ ತುಂಬಿದರೆ ಇನ್ನೂ ಇಳಿಯುವುದು. ಇದನ್ನು ಹೇಳಲು ಯಂತ್ರಗಳು ಬೇಕಿಲ್ಲ. 'ಕಾಣಲಿಲ್ಲ' ಮತ್ತು 'ಇಲ್ಲ' ಎಂಬ ಎರಡು ಮಾತುಗಳ ಅಂತರವನ್ನು ಕಾಯ್ದುಕೊಂಡ ಕನ್ನಡವು ಸಾಕು. ಆ ಅಂತರವನ್ನು ಪಾಠಶಾಲೆಯಲ್ಲಿ ಕಲಿಸುವವನು ವ್ಯಾಕರಣವನ್ನು ಮಾತ್ರ ಕಲಿಸಿದಂತಾಗದು. ನೀರನ್ನು ಕಾಯುವ ಕೆಲಸದಲ್ಲಿಯೂ ಪಾಲುಗಾರನಾಗುವನು.